ಡಿಕ್ಕಿಯ ಚಾಪೆಯ ಕೆಳಗೆ

ಕೊರ್ಪಿಮ್ಯಾಕಿ, 22 ಏಪ್ರಿಲ್ 2009

ತೂಲಿಕ್ಕಿಗೆ,

ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಒಂಬತ್ತು ವರ್ಷದ ಹಿಂದೆ ಇದೇ ಅಡುಗೆಮನೆಯಲ್ಲಿ ನಿಂತು, ಇನ್ನು ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಆಣೆ ಹಾಕಿದ್ದೆ. ಅದು ಹಾಗೇ ಇದೆ. ಬರೆಯುವುದಿಲ್ಲ ಎಂದೇನೂ ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ವಿಷಯ ಅಪ್ಪನ ಕಾರಿನದು. ಪುಣ್ಯಾತ್ಮ ಅದನ್ನು ನಮ್ಮಿಬ್ಬರ ಹೆಸರಿಗೂ ಅರ್ಧರ್ಧ ಬರೆದಿಟ್ಟು ಹೋದ. ನನ್ನ ಅರ್ಧ ಯಾವುದು, ನಿನ್ನ ಅರ್ಧ ಯಾವುದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮೊನ್ನೆ ವರ್ಷದ ತಪಾಸಣೆಗೆ ಒಯ್ದಿದ್ದೆ. ಹಳೇ ತಪಾಸಣೆಯವನಿಗೆ ಮೂಗು ಕೆಲಸ ಮಾಡುತ್ತಿರಲಿಲ್ಲ, ನಮ್ಮ ಅದೃಷ್ಟ. ಅವನು ನಿವೃತ್ತನಾಗಿ ಈಗ ಒಬ್ಬ ಹುಡುಗಿ ಬಂದಿದ್ದಾಳೆ. ಬಾಗಿಲು ತೆಗೆದವಳೇ ಎರಡು ಹೆಜ್ಜೆ ಹಿಂದಕ್ಕೆ ಹೋದಳು.

"ಏನಮ್ಮಾ ಇದು, ಕಾರನ್ನ ಪೆಟ್ರೋಲ್ ಬಂಕಲ್ಲೇ ಮಲಗಿಸ್ತೀರಾ?"

"ಅದು ನಮ್ಮಪ್ಪನ ಗರಗಸಕ್ಕೆ ಹಾಕೋ ಪೆಟ್ರೋಲ್ ಕ್ಯಾನಿನ ವಾಸನೆ ಕಣಮ್ಮಾ. ಮರ ಕಡಿಯೋಕೆ ಹೋಗ್ವಾಗ ಡಿಕ್ಕೀಲಿ ಇಟ್ಕೊಂಡು ಹೋಗ್ತಿದ್ದ. ಚಾಪೇಲಿ ಇಂಗ್ಬಿಟ್ಟಿದೆ."

"ಅಪ್ಪ ಈಗೆಲ್ಲಿ?"

"ತೀರ್ಕೊಂಡು ಒಂಬತ್ತು ವರ್ಷ ಆಯ್ತು."

"ಒಂಬತ್ತು ವರ್ಷ ಆರದೇ ಇರೋ ಪೆಟ್ರೋಲ್ ಎಲ್ಲಿ ಸಿಗತ್ತೆ ಹೇಳಿ, ನಾನೂ ತುಂಬಿಸ್ಕೋತೀನಿ" ಎಂದಳು. ನಾಲಿಗೆ ನೋಡು!

ಜೂನ್ ಇಪ್ಪತ್ತರೊಳಗೆ ವಾಸನೆ ಹೋಗದಿದ್ದರೆ ಕಾರು ರಸ್ತೆಗೆ ಇಳಿಯುವ ಹಾಗಿಲ್ಲ. ನಾನು ಆ ಚಾಪೆಯನ್ನು ಹನ್ನೊಂದು ವಸಂತ ಪೈನ್ ಸೋಪು ಹಾಕಿ ತಿಕ್ಕಿದ್ದೇನೆ, ಹನ್ನೆರಡನೇ ಸಲ ನನ್ನ ಸೊಂಟ ಒಪ್ಪುವುದಿಲ್ಲ. ನಿನ್ನ ಭಾವ ಎನ್ಸಿಯೊ ಗುಜರಿಗೆ ಕೊಟ್ಟುಬಿಡೋಣ ಎನ್ನುತ್ತಾನೆ. ಅದಕ್ಕೆ ಇಬ್ಬರ ಸಹಿಯೂ ಬೇಕಂತೆ. ಕಾಗದ ಇದರೊಳಗೆ ಇದೆ. ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು.

ಹೆಲ್ವಿ

——

ಟುರ್ಕು, 29 ಏಪ್ರಿಲ್ 2009

ಹೆಲ್ವಿಯವರಿಗೆ,

ಸಹಿ ಹಾಕುವುದಿಲ್ಲ. ನನ್ನ ಅರ್ಧ ಗುಜರಿಗೆ ಹೋಗುವುದಿಲ್ಲ. ನಿಮ್ಮ ಅರ್ಧವನ್ನು ಬೇಕಾದರೆ ಕೊಯ್ದು ಕೊಡಿ.

ಆ ಹುಡುಗಿ ಹೇಳಿದ್ದು ಸರಿ. ಕ್ಯಾನಿನ ವಾಸನೆ ಅಷ್ಟು ವರ್ಷ ನಿಲ್ಲುವುದಿಲ್ಲ. ಟ್ಯಾಂಕಿನೊಳಗಿನ ಪೆಟ್ರೋಲು ಸುಮ್ಮನೆ ಕೂರುವ ಪದಾರ್ಥವಲ್ಲ, ಆವಿಯಾಗುತ್ತಲೇ ಇರುತ್ತದೆ. ಆ ಆವಿ ರಬ್ಬರ್ ಪೈಪುಗಳಲ್ಲಿ ಹಾದು ಬಾನೆಟ್ಟಿನ ಕೆಳಗಿರುವ ಇದ್ದಿಲು ತುಂಬಿದ ಕಪ್ಪು ಡಬ್ಬಿಗೆ ಬರಬೇಕು. ಇದ್ದಿಲು ಅದನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಸುಡುತ್ತದೆ. ದಾರಿಯಲ್ಲಿ ಪೈಪು ಸವೆದು ಬಿರುಕು ಬಿಟ್ಟಿದ್ದರೆ ಆವಿ ಮೂಗಿಗೆ ಬರುತ್ತದೆ. ಆರು ವರ್ಷದಿಂದ ಬಸ್ ಡಿಪೋದಲ್ಲಿ ನನಗೆ ಇದೇ ಕೆಲಸ.

ಕಾರನ್ನು ಬಯಲಿಗೆ ತಂದು ನಿಲ್ಲಿಸಿ. ಎಂಜಿನ್ ಪೂರ್ತಿ ಆರಿರಲಿ. ಹಬೆಸ್ನಾನದ ಸೌನಾ ಒಲೆ ಉರಿಯುವ ದಿನ ಬೇಡ, ಭಾವ ತಂಬಾಕಿನ ಪೈಪು ಸೇದಿಕೊಂಡು ಇಣುಕುವುದೂ ಬೇಡ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಟ್ಯಾಂಕಿನ ಮುಚ್ಚಳ ಒಮ್ಮೆ ತೆಗೆದು ಹಾಕಿ, ಒಳಗಿನ ಒತ್ತಡ ಹೋಗಲಿ. ಆಮೇಲೆ ಕಪ್ಪು ಡಬ್ಬಿಗೆ ಬಂದು ಸೇರುವ ಪ್ರತಿಯೊಂದು ರಬ್ಬರ್ ಪೈಪನ್ನೂ ಬೆರಳಲ್ಲಿ ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಎಲ್ಲವೂ ಚೆನ್ನಾಗೇ ಕಾಣುತ್ತವೆ, ಬಗ್ಗಿಸಿದಾಗ ಬಿರುಕು ಬಾಯಿ ಬಿಡುತ್ತದೆ. ಒಣಕಡ್ಡಿಯ ಹಾಗೆ ಗಟ್ಟಿಯಾಗಿದ್ದರೂ ಕೆಟ್ಟಿದೆ, ಅಂಟಂಟಾಗಿದ್ದರೂ ಕೆಟ್ಟಿದೆ. ಕಂಡದ್ದನ್ನು ಬರೆಯಿರಿ. ನಮ್ಮ ಸಾವೊ ಸೀಮೆಯವರ ಹಾಗೆ ಸುತ್ತಿ ಬಳಸಿ ಬೇಡ, ನೇರವಾಗಿ ಬರೆಯಿರಿ.

ತೂಲಿಕ್ಕಿ

——

ಕೊರ್ಪಿಮ್ಯಾಕಿ, 5 ಮೇ 2009

ತೂಲಿಕ್ಕಿಗೆ,

"ಹೆಲ್ವಿಯವರು" ಯಾರು? ನಮ್ಮ ಮನೆಯಲ್ಲಿ ಅಂಥವರು ಇಲ್ಲ. ಬೈಯುವುದಾದರೂ ಅಕ್ಕ ಎಂದೇ ಬೈ.

ನೋಡಲೋ ಬೇಡವೋ ಎಂದಿದ್ದೆ, ಹೇಗೋ ನೋಡಿಯೇಬಿಟ್ಟೆ. ಹೌದು ಎನ್ನಬಹುದು, ಇಲ್ಲ ಎನ್ನುವುದಕ್ಕೂ ಆಗುವುದಿಲ್ಲ. ಆಯ್ತು, ನೇರವಾಗಿ: ಎರಡು ಪೈಪು ಸತ್ತಿವೆ. ಒಂದನ್ನು ಬಗ್ಗಿಸಿದ್ದೇ ತಡ, ಪಟ್ಟೆಂದು ಮುರಿದು ಕೈಗೆ ಬಂತು. ಎನ್ಸಿಯೊ ದೂರದಿಂದಲೇ, "ಮುರಿದ್ಯಾ? ಇದ್ದದ್ದೂ ಹೋಯ್ತು ಬಿಡು" ಎಂದ. ನನಗೆ ಮಾತ್ರ, ನಿಜ ಹೇಳಬೇಕೆಂದರೆ, ಕರು ಹಾಕಿಸಿದಷ್ಟು ಖುಷಿಯಾಯಿತು. ಇಷ್ಟು ವರ್ಷ ಓಡಿಸಿದ್ದೇನೆ, ಬಾನೆಟ್ಟಿನ ಕೆಳಗೆ ಏನಿದೆ ಎಂದು ನೋಡಿರಲಿಲ್ಲ.

ನೀನೇನೂ ಕಳಿಸಬೇಡ. ಹಾಲು ಕರೆಯುವ ಯಂತ್ರದ ರಬ್ಬರ್ ಪೈಪು ಹೊಸದು ಒಂದು ಸುರುಳಿ ಇದೆ. ಕೊಟ್ಟಿಗೆಯದನ್ನೆಲ್ಲ ಏಪ್ರಿಲ್‌ನಲ್ಲೇ ಬದಲಾಯಿಸಿದೆ. ಅಪ್ಪನ ಕಟ್ಟಳೆ ಇನ್ನೂ ಬಿಟ್ಟಿಲ್ಲ: ಹಾಕಿದವರ ಹೆಸರಿನ ಮೊದಲ ಅಕ್ಷರ, ತಾರೀಖು, ಎರಡನ್ನೂ ದನಕ್ಕೆ ಗುರುತು ಹಾಕುವ ಹಳದಿ ಬಣ್ಣದಲ್ಲಿ ಬರೆದೇ ಬಿಡುವುದು. ಉಳಿದ ತುಂಡು ಕಾರಿಗೆ ಸರಿಯಾಗಿ ಕೂರುತ್ತದೆ. ಭಾನುವಾರ ಹಾಕುತ್ತೇನೆ.

ಹೆಲ್ವಿ

——

ಟುರ್ಕು, 7 ಮೇ 2009

ಅಕ್ಕಾ,

ಬೇಡ! ಹಾಲಿನ ಪೈಪು ಬೇಡವೇ ಬೇಡ! ಕೈಯಲ್ಲಿ ಹಿಡಿದಿದ್ದರೆ ಅಲ್ಲೇ ಕೆಳಗಿಡು!

ಅದು ಹಾಲಿಗೆ ಮಾಡಿದ ರಬ್ಬರ್, ಪೆಟ್ರೋಲಿಗಲ್ಲ. ಕೂರುವುದೇನೋ ಚೆನ್ನಾಗೇ ಕೂರುತ್ತದೆ, ಅದೇ ಅದರ ಮೋಸ. ನಂಬಿಕೆ ಇಲ್ಲದಿದ್ದರೆ ಒಂದು ಜಾಡಿಯಲ್ಲಿ ಸ್ವಲ್ಪ ಪೆಟ್ರೋಲು ಹಾಕಿ, ಹಾಲಿನ ಪೈಪಿನ ಒಂದು ತುಂಡನ್ನು ಅದರಲ್ಲಿ ಬಿಟ್ಟು, ಮುಚ್ಚಳ ಮುಚ್ಚಿ ಹೊರಗೆ ನೆರಳಲ್ಲಿಡು. ಮೂರನೇ ದಿನ ನೋಡು. ಅಲ್ಲಿಯವರೆಗೆ ಕಾರು ಮುಟ್ಟಬೇಡ.

ಪೆಟ್ರೋಲ್ ಆವಿಗೆಂದೇ ಮಾಡಿದ ಪೈಪನ್ನು ಕತ್ತರಿಸಿ ಕಳಿಸುತ್ತಿದ್ದೇನೆ, ಕ್ಲಿಪ್ಪುಗಳೂ ಇವೆ. ಒಂದನ್ನು ಬಿಚ್ಚಿ, ಅದರ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕು. ಎಲ್ಲ ಒಟ್ಟಿಗೆ ಬಿಚ್ಚಿದರೆ ಯಾವುದು ಎಲ್ಲಿಯದು ಎಂದು ತಿಳಿಯದೆ ಇಬ್ಬರೂ ಕಾರಿನ ಮುಂದೆ ಕೂತು ಅಳುತ್ತೀರಿ. ಹಳೆಯದು ಬರದಿದ್ದರೆ ಎಳೆಯಬೇಡ, ಅದು ಕೂತಿರುವ ಮೂತಿ ಪ್ಲಾಸ್ಟಿಕ್ಕಿನದು, ಮುರಿಯುತ್ತದೆ. ಚಾಕುವಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯ ಹಾಗೆ ಬಿಡಿಸು. ಹೊಸದು ಎಲ್ಲೂ ಮಡಿಚಿಕೊಳ್ಳಬಾರದು.

ತೂಲಿಕ್ಕಿ

——

ಕೊರ್ಪಿಮ್ಯಾಕಿ, 17 ಮೇ 2009

ತೂಲಿಕ್ಕಿಗೆ,

ಮೊದಲು ಕೋಪ ಬಂತು. ಪಟ್ಟಣಕ್ಕೆ ಹೋದವಳಿಗೆ ನಮ್ಮ ಕೊಟ್ಟಿಗೆಯ ಪೈಪೂ ಕೀಳಾಯಿತೇ ಎಂದು ಎನ್ಸಿಯೊ ಹತ್ತಿರ ಕೂಗಾಡಿದೆ. ನಿನ್ನ ಮುಖಕ್ಕೆ ಹಿಡಿಯಬೇಕು ಎಂದೇ ಜಾಡಿಯಲ್ಲಿ ತುಂಡು ಹಾಕಿಟ್ಟೆ. ಮೂರನೇ ದಿನ ತೆಗೆದು ನೋಡಿದರೆ ಅದು ಹಸಿ ಹುಲ್ಲು ತಿಂದ ಕರುವಿನ ಹೊಟ್ಟೆಯ ಹಾಗೆ ಉಬ್ಬಿಕೊಂಡಿತ್ತು. ಚಿವುಟಿದರೆ ಕೈಗೆ ಅಂಟಿತು. ಸರಿ, ಗೆದ್ದೆ. ಒಂದು ಸಲ ಮಾತ್ರ ಬರೆಯುತ್ತೇನೆ, ಇನ್ನೊಂದು ಸಲ ಕೇಳಬೇಡ.

ನಿನ್ನ ಪೈಪುಗಳನ್ನು ಹಾಕಿದೆ. ಸೀಳಿ, ಬಿಡಿಸಿ, ಒಂದಾದ ಮೇಲೆ ಒಂದು. ಕೈಯೆಲ್ಲ ಕಪ್ಪು. ಬಾನೆಟ್ಟಿನ ಹತ್ತಿರ ಈಗ ವಾಸನೆಯೇ ಇಲ್ಲ. ಎನ್ಸಿಯೊ ಮೂರು ಸಲ ಮೂಸಿ ನೋಡಿ, "ಹ್ಞೂಂ" ಎಂದ. ಅವನ ಬಾಯಲ್ಲಿ ಹ್ಞೂಂ ಬಂದರೆ ಸನ್ಮಾನ ಆದ ಹಾಗೆ.

ಆದರೆ ತೂಲಿಕ್ಕಿ, ಹಿಂದೆ ಇನ್ನೂ ನಾರುತ್ತದೆ. ಟ್ಯಾಂಕ್ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರಂತೂ ಡಿಕ್ಕಿ ತೆಗೆಯುವ ಹಾಗಿಲ್ಲ. ಮುಂದಿನದು ಪೈಪು ಇರಬಹುದು, ಹಿಂದಿನದು ಕ್ಯಾನೇ. ನಾನು ಆವತ್ತು ಹೇಳಿದ್ದು ಅದನ್ನೇ. ಅಪ್ಪನ ಸಾಮಾನು ಹಂಚಿಕೊಳ್ಳುವಾಗ ಆ ಕ್ಯಾನನ್ನು ಕಟ್ಟಿಗೆಮನೆಗೆ ಎಸೆದು, "ಹೇಳಿದ್ದು ಕೇಳ್ದೆ ಕಾರನ್ನೇ ಹಾಳ್ ಮಾಡ್ದ" ಎಂದಿದ್ದೆ. ಅದಕ್ಕೆ ನೀನು ಮನೆ ಮಾಳಿಗೆ ಹಾರಿಹೋಗುವ ಹಾಗೆ ಕಿರುಚಿದೆ. ಅಪ್ಪ ಮುಚ್ಚಳವನ್ನು ತನ್ನ ಅಂಗಿಯಲ್ಲೇ ಒರೆಸಿ ಇಡುತ್ತಿದ್ದ, ನನ್ನ ಕೊಂಕು ತಾಳಲಾರದೆ ಕೊನೆಯ ಚಳಿಗಾಲ ಕ್ಯಾನನ್ನು ಹಿಮದ ಮೇಲೆ ಜಾರುವ ನೂಕುಗಾಡಿಯಲ್ಲಿ ಕಾಡಿಗೆ ಒಯ್ದ, ಎಂದೆಲ್ಲ. ನಾನು ಹೊರಗೆ ಹೋಗು ಎಂದೆ, ನೀನು ಹೋದೆ. ಈಗ ನೋಡು, ಯಾರು ಸರಿ?

ಇನ್ನೊಂದು. ನಾನು ಎರಡು ಪೈಪು ಸತ್ತಿವೆ ಎಂದು ಬರೆದಿದ್ದೆ. ನೀನು ಮೂರು ತುಂಡು ಕಳಿಸಿದ್ದೀಯ. ಮೂರನೆಯದು ಯಾಕೆ?

ಹೆಲ್ವಿ

——

ಕೊರ್ಪಿಮ್ಯಾಕಿ, 30 ಮೇ 2009

ತೂಲಿಕ್ಕಿಗೆ,

ಹದಿಮೂರು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕ್ಯಾನಿನ ಮಾತೆತ್ತಿದ್ದಕ್ಕೆ ಮತ್ತೆ ಬಾಗಿಲು ಬಡಿದುಕೊಂಡು ಹೋದೆಯಾ? ಕಾಗದದಲ್ಲಿ ಬಾಗಿಲು ಬಡಿಯುವುದು ನಿನಗೆ ಮಾತ್ರ ಬರುತ್ತದೆ.

ಜೂನ್ ಇಪ್ಪತ್ತಕ್ಕೆ ಮೂರು ವಾರ. ಸಹಿ ಹಾಕುವ ಕಾಗದ ಇನ್ನೊಂದು ಪ್ರತಿ ಇಟ್ಟಿದ್ದೇನೆ. ನನಗೂ ಈಗ ಮೊದಲಿನಷ್ಟು ಮನಸ್ಸಿಲ್ಲ, ಅಷ್ಟು ಹೊತ್ತು ಅದರ ಹೊಟ್ಟೆಯೊಳಗೆ ಕೈಯಿಟ್ಟವಳು ನಾನು. ಆದರೆ ಮಾಡುವುದೇನು?

ಹೆಲ್ವಿ

——

ಟುರ್ಕು, 3 ಜೂನ್ 2009

ಅಕ್ಕಾ,

ಸಹಿ ಹಾಕುವುದಿಲ್ಲ. ಡಿಪೋದಲ್ಲಿ ಕೆಲಸ ಜಾಸ್ತಿ ಇತ್ತು.

ಡಿಕ್ಕಿಯ ಚಾಪೆ ಎತ್ತು. ತೊಳೆಯುವುದಕ್ಕಲ್ಲ, ಅದರ ಕೆಳಗೆ ನೋಡುವುದಕ್ಕೆ. ಬಲಗಡೆ ಒಂದು ದುಂಡನೆಯ ತಗಡಿನ ಮುಚ್ಚಳ ಇದೆ, ನಾಲ್ಕು ಸ್ಕ್ರೂ. ಅದರ ಕೆಳಗೆ ಟ್ಯಾಂಕಿನ ತಲೆ. ಅಲ್ಲಿಂದ ಮುಂದಕ್ಕೆ ಹೋಗುವ ಕಬ್ಬಿಣದ ನಳಿಗೆಗೂ ಟ್ಯಾಂಕಿಗೂ ನಡುವೆ ಗೇಣುದ್ದದ ರಬ್ಬರ್ ಪೈಪು. ಎಡಗಡೆಯ ಕ್ಲಿಪ್ಪು ತಿರುಗುಮುರುಗಾಗಿ ಕೂತಿದೆ, ಆದ್ದರಿಂದ ಸ್ಕ್ರೂಡ್ರೈವರ್ ಕೆಳಗಿನಿಂದ ಹಾಕಬೇಕು. ಮೂರನೇ ತುಂಡು ಅದಕ್ಕೆ.

ಟ್ಯಾಂಕಿನಲ್ಲಿ ಪೆಟ್ರೋಲು ಕಮ್ಮಿ ಇದ್ದಾಗ ಮಾಡು. ಬ್ಯಾಟರಿ ತಂತಿ ಮರೆಯಬೇಡ. ಹಳೇ ತುಂಡನ್ನು ನೋಡುತ್ತಾ ಕೂರಬೇಡ, ಎಸೆದುಬಿಡು.

ತೂಲಿಕ್ಕಿ

——

ಕೊರ್ಪಿಮ್ಯಾಕಿ, 8 ಜೂನ್ 2009

ಪ್ರೀತಿಯ ತೂಲಿಕ್ಕಿಗೆ,

ಮಾಡಿ ಮುಗಿಸಿದೆ. ಚಾಪೆ ಎತ್ತಿದೆ. ಹನ್ನೊಂದು ಸಲ ತೆಗೆದು, ತಿಕ್ಕಿ, ಒಣಗಿಸಿ, ಅದೇ ಮುಚ್ಚಳದ ಮೇಲೆ ಹಾಸಿ ಚೆನ್ನಾಗಿ ತಟ್ಟಿ ಕೂರಿಸಿದವಳು ನಾನೇ ಎಂದು ನೆನೆದರೆ ನಗು ಬರುತ್ತದೆ. ಎನ್ಸಿಯೊಗೆ ನನಗಿಂತ ಜಾಸ್ತಿ ಬಂತು, ಅದಕ್ಕೆ ಅವನಿಗೆ ರಾತ್ರಿ ಗಂಜಿ ಮಾತ್ರ.

ಪೈಪು ನೀನು ಹೇಳಿದ ಜಾಗದಲ್ಲೇ ಇತ್ತು. ಎಡಗಡೆಯ ಕ್ಲಿಪ್ಪು ನೀನು ಹೇಳಿದ ಹಾಗೇ ತಿರುಗುಮುರುಗು. ಐನೂರು ಕಿಲೋಮೀಟರ್ ದೂರದಲ್ಲಿ ಕೂತು ಒಂದು ಕ್ಲಿಪ್ಪು ಯಾವ ಕಡೆ ತಿರುಗಿದೆ ಎಂದು ಹೇಳುವಷ್ಟು ಚೆನ್ನಾಗಿ ಕಲಿಸುತ್ತಾರಲ್ಲ ನಿನ್ನ ಆ ಮೆಕ್ಯಾನಿಕ್ ಶಾಲೆಯಲ್ಲಿ, ಮೆಚ್ಚಬೇಕು.

ಹಳೇ ತುಂಡು ಉಬ್ಬಿ, ಬಿರಿದು, ಅಂಟಂಟಾಗಿತ್ತು. ಅದರ ಮೇಲೆ ಏನೋ ಹಳದಿ ಬಣ್ಣ ಇದ್ದ ಹಾಗಿತ್ತು. ನನ್ನ ಕನ್ನಡಕ ಮನೆಯಲ್ಲಿ ಬಿಟ್ಟಿದ್ದೆ, ಸರಿಯಾಗಿ ಕಾಣಲಿಲ್ಲ. ಯಾರು ಹಾಕಿರಬಹುದು ಅದನ್ನು? ಎನ್ಸಿಯೊ ಇಲಿ ಹಾಕಿರಬೇಕು ಎನ್ನುತ್ತಾನೆ. ಇಲಿಗೆ ಕ್ಲಿಪ್ಪು ತಿರುಗಿಸಲು ಬರುತ್ತದೆಯೇ, ನೀನು ಮೆಕ್ಯಾನಿಕ್, ನೀನೇ ಹೇಳಬೇಕು.

ನೀನು ಎಸೆ ಎಂದೆ. ಎಸೆದೆನೋ ಇಲ್ಲವೋ ನೆನಪಿಲ್ಲ.

ಹೆಲ್ವಿ

——

ಟುರ್ಕು, 11 ಜೂನ್ 2009

ಅಕ್ಕಾ,

ಕನ್ನಡಕ ಹುಡುಕಬೇಡ, ನಾನೇ ಓದಿ ಹೇಳುತ್ತೇನೆ. ಅದರ ಮೇಲೆ "ತೂ, 14.5.98" ಎಂದಿದೆ.

ಆ ಚಳಿಗಾಲ ಕಾರು ಕೊಟ್ಟಿಗೆಯ ಪಕ್ಕ ನಿಂತಿದ್ದಾಗ ಇಲಿ ಆ ಪೈಪನ್ನು ಕಡಿದಿತ್ತು. ಎನ್ಸಿಯೊ ಭಾವ ಅರ್ಧ ಸರಿ. ನನಗೆ ಇಪ್ಪತ್ತೆರಡು ವರ್ಷ, ನನಗೆ ಬಾರದ ಕೆಲಸವೇ ಇಲ್ಲ ಎಂದುಕೊಂಡಿದ್ದೆ. ಅಪ್ಪ ಬ್ಯಾಟರಿ ದೀಪ ಹಿಡಿದು ಪಕ್ಕದಲ್ಲಿ ನಿಂತಿದ್ದ. ಹಾಲಿನ ಪೈಪಿನ ಒಂದು ತುಂಡು ಕತ್ತರಿಸಿ ಹಾಕಿದೆ. ಕೈ ತನ್ನಷ್ಟಕ್ಕೆ ಅಕ್ಷರ, ತಾರೀಖು ಬರೆಯಿತು. ಅಪ್ಪ ಬೆನ್ನು ತಟ್ಟಿ, "ಕೊಟ್ಟಿಗೇಲಿ ನಡೆಯೋದು ಕಾರಲ್ಲೂ ನಡೆಯತ್ತೆ ನೋಡು, ಭೇಷ್ ಮಗಳೆ" ಎಂದ. ಅಷ್ಟು ಹೆಮ್ಮೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಒಂದು ತಿಂಗಳಲ್ಲಿ ವಾಸನೆ ಶುರುವಾಯಿತು. ಎಲ್ಲರೂ ಕ್ಯಾನ್ ಎಂದರು. ಕಾಡಿಗೆ ಹೋಗುವ ಎಲ್ಲರ ಕಾರೂ ಹಾಗೇ ನಾರುತ್ತಿತ್ತಲ್ಲ, ಯಾರಿಗೆ ಅನುಮಾನ ಬರಬೇಕು? ನಾನೂ ಒಂದು ಸಲ, "ಅಪ್ಪಾ, ಮುಚ್ಚಳ ಸರಿಯಾಗಿ ಹಾಕಪ್ಪಾ" ಎಂದಿದ್ದೆ. ಅವನು ಹೊಸ ಮುಚ್ಚಳ ತಂದ. ಕ್ಯಾನಿಗೆ ಮೂರು ಚೀಲ ಸುತ್ತಿದ. ಕೊನೆಗೆ ನೂಕುಗಾಡಿ.

ಆವತ್ತು ನಿನ್ನ ಮೇಲೆ ಕಿರುಚಿದಾಗ ನನಗೆ ಇದು ಗೊತ್ತಿರಲಿಲ್ಲ, ದೇವರಾಣೆ. ಎರಡು ವರ್ಷದ ಮೇಲೆ ಇಲ್ಲಿ ಶಾಲೆಯಲ್ಲಿ ಮೇಷ್ಟ್ರು ಬೇರೆ ಬೇರೆ ರಬ್ಬರ್ ತುಂಡುಗಳನ್ನು ಪೆಟ್ರೋಲಿನ ಜಾಡಿಗಳಲ್ಲಿ ಇಟ್ಟರು. ಅದರಲ್ಲಿ ಒಂದು ಹಾಲಿನ ಪೈಪು. "ಹಳ್ಳಿ ಕಡೆಯೋರು ಇದನ್ನ ಹಾಕ್ತಾರೆ, ನೀವು ಹಾಕ್ಬೇಡಿ" ಎಂದರು. ಕ್ಲಾಸೆಲ್ಲ ನಕ್ಕಿತು. ನಾನು ಎದ್ದು ಹೊರಗೆ ಹೋಗಿ ಅತ್ತೆ.

ಆಮೇಲೆ ಹೇಗೆ ಹೇಳಲಿ? ಅಪ್ಪನ ಪರವಾಗಿ ಅಷ್ಟು ಕೂಗಾಡಿ ಬಂದವಳು ನಾನು, ಅವನ ತಲೆಗೆ ಅದನ್ನು ಕಟ್ಟಿದವಳೂ ನಾನೇ. ನಿನ್ನ ಮೊದಲ ಕಾಗದ ಬಂದಾಗ ಮುಂದಿನ ಪೈಪುಗಳಿಂದಲೇ ವಾಸನೆ ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ. ಹದಿಮೂರು ದಿನ ಡಿಪೋದಲ್ಲಿ ಕೆಲಸವೇನೂ ಜಾಸ್ತಿ ಇರಲಿಲ್ಲ, ಅಕ್ಕಾ. ಬರೆದು ಬರೆದು ಹರಿದು ಹಾಕುತ್ತಿದ್ದೆ.

ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಇಟ್ಟುಕೊಳ್ಳುವುದೋ ಗುಜರಿಗೆ ಹಾಕುವುದೋ, ಇನ್ನು ನೀನೇ ನೋಡು. ನನಗೆ ಹಠ ಹಿಡಿಯುವ ಮುಖವಿಲ್ಲ.

ನಿನ್ನ ತೂಲಿಕ್ಕಿ

——

ಕೊರ್ಪಿಮ್ಯಾಕಿ, 15 ಜೂನ್ 2009

ನನ್ನ ಪೆದ್ದು ತಂಗಿಗೆ,

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು ಕಣೇ. ಚಾಪೆ ಎತ್ತಿದ ಐದು ನಿಮಿಷಕ್ಕೆ ಓದಿಕೊಂಡೆ. ನೀನು ನೇರವಾಗಿ ಬರೆಯುತ್ತೀಯೋ, ಇಲ್ಲ ನೀನೂ ನಮ್ಮ ಸಾವೊ ಸೀಮೆಯವಳೇ ಆಗಿ ಉಳಿದಿದ್ದೀಯೋ ನೋಡೋಣ ಎಂದಿದ್ದೆ.

ಇವತ್ತು ಬೆಳಿಗ್ಗೆ ತಪಾಸಣೆಗೆ ಹೋಗಿದ್ದೆ. ಆ ಹುಡುಗಿ ಡಿಕ್ಕಿಯೊಳಗೆ ಸೊಂಟದವರೆಗೆ ಇಳಿದು ಮೂಸಿದಳು. ಎದ್ದು, "ಯಾವ ಗ್ಯಾರೇಜಲ್ಲಿ ಮಾಡಿಸಿದ್ರಿ?" ಎಂದಳು. "ನಾನೇ ಮಾಡಿದ್ದು, ನನ್ನ ತಂಗಿ ಹೇಳ್ಕೊಟ್ಟಿದ್ದು" ಎಂದೆ. ಎಷ್ಟು ವರ್ಷದ ಮೇಲೆ ಆ ಮಾತು ಬಾಯಿಗೆ ಬಂತು ಗೊತ್ತೇ? ಪಾಸ್. ಹುಡುಗಿಗೆ ಒಂದು ಡಬ್ಬಿ ದಾಲ್ಚಿನ್ನಿ ಬನ್ನು ಕೊಟ್ಟು ಬಂದೆ, ಪಾಸ್ ಆದ ಮೇಲೆಯೇ ಕೊಟ್ಟೆ, ಮೊದಲಲ್ಲ.

ವಾಪಸ್ ಬರುವಾಗ ಕಿಟಕಿ ಮುಚ್ಚಿಕೊಂಡು ಓಡಿಸಿದೆ. ಬರೀ ಪೈನ್ ಸೋಪಿನ ವಾಸನೆ. ಖುಷಿಪಡಬೇಕಲ್ಲ? ಚರ್ಚಿನ ತಿರುವಿನಲ್ಲಿ ಕಾರು ನಿಲ್ಲಿಸಿ ಅತ್ತುಬಿಟ್ಟೆ. ಇಷ್ಟು ವರ್ಷ ಆ ವಾಸನೆಯನ್ನು ಅಪ್ಪನದು ಎಂದುಕೊಂಡೇ ಬೈಯುತ್ತಿದ್ದೆ. ಅದೂ ಅವನದಾಗಿರಲಿಲ್ಲ.

ಅಲ್ಲಿಂದ ಸೀದಾ ಅವನ ಸಮಾಧಿಗೆ ಹೋದೆ. ಪಕ್ಕದಲ್ಲಿ ಯಾರೋ ಹೂವಿಗೆ ನೀರು ಹಾಕುತ್ತಿದ್ದರು, ಇರಲಿ ಎಂದು ಜೋರಾಗಿಯೇ ಹೇಳಿದೆ: "ಅಪ್ಪಾ, ಕ್ಯಾನ್ ಅಲ್ಲಪ್ಪಾ. ತಪ್ಪಾಯ್ತು." ನೀನು ಒಂದು ಸಲ ಪೈಪು ಹಾಕಿದೆ, ಗೊತ್ತಿಲ್ಲದೆ. ನಾನು ಎರಡು ವರ್ಷ ದಿನಾ ಕೊಂಕು ಮಾತಾಡಿದೆ, ಗೊತ್ತಿದ್ದೇ ಆಡಿದೆ. ಯಾವುದು ಜಾಸ್ತಿ ನಾರಿತು ಎಂದು ನೀನೇ ಹೇಳು. ಅದಕ್ಕೇ ಅಪ್ಪ ಕಾರನ್ನು ಅರ್ಧರ್ಧ ಮಾಡಿಟ್ಟನೇನೋ, ತಪ್ಪೂ ಅರ್ಧರ್ಧ ಇರಲಿ.

ನಿನ್ನ ಸಹಿಯ ಕಾಗದದಿಂದ ಎನ್ಸಿಯೊ ಸೌನಾ ಒಲೆ ಹೊತ್ತಿಸಿದ. ಹಳದಿ ಅಕ್ಷರದ ತುಂಡನ್ನು ಮಾತ್ರ ಎಸೆದಿಲ್ಲ, ಎಸೆಯುವುದೂ ಇಲ್ಲ. ಕೊಟ್ಟಿಗೆಯ ಬಾಗಿಲ ಮೇಲೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಡಿಕ್ಕಿಯ ಹೊಸ ಪೈಪಿನ ಮೇಲೆ "ಹೆ, ತೂ, 6.6.09" ಎಂದು ಬರೆದಿದ್ದೇನೆ.

ಈಗ ಆಣೆಯ ವಿಷಯ. ಹಾಕಿದವಳು ನಾನು, ಮುರಿಯುವವಳೂ ನಾನೇ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಫೋನಿನ ಹತ್ತಿರ ಕೂತಿರುತ್ತೇನೆ. ಆದರೆ ಮೊದಲ ಮಾತು ನೀನೇ ಆಡಬೇಕು. ನಾನು ದೊಡ್ಡವಳು, ಅಷ್ಟಾದರೂ ಇರಲಿ.

ನಿನ್ನ ಅಕ್ಕ

——

ಟುರ್ಕು, 17 ಜೂನ್ 2009

ಅಕ್ಕಾ,

ಫೋನ್ ಬೇಡ. ಶುಕ್ರವಾರ, ನಡುಬೇಸಿಗೆಯ ಹಬ್ಬದ ಸಂಜೆ, ನಾಲ್ಕೂವರೆಯ ರೈಲಿಗೆ ಇಸಾಲ್ಮಿಯಲ್ಲಿ ಇಳಿಯುತ್ತೇನೆ. ಮೊದಲ ಮಾತು ನಾನೇ ಆಡುತ್ತೇನೆ, ರೈಲಿನಲ್ಲಿ ಇಡೀ ದಿನ ಇದೆಯಲ್ಲ, ಯೋಚಿಸಿಕೊಳ್ಳುತ್ತೇನೆ. ಭಾವನಿಗೆ ಸೌನಾ ಬಿಸಿ ಮಾಡಿಡಲು ಹೇಳು. ಅವನ ಗಂಜಿಯ ಶಿಕ್ಷೆ ಮುಗಿದಿದ್ದರೆ ನನಗೂ ಸ್ವಲ್ಪ ಹುರಿದ ಮೀನು.

ನೀನೇ ಕಾರು ತಗೊಂಡು ಬಾ. ಬರುವ ಮುಂಚೆ ಕಟ್ಟಿಗೆಮನೆಗೆ ಹೋಗಿ ಅಪ್ಪನ ಕ್ಯಾನ್ ಹುಡುಕಿ, ಧೂಳು ಒರೆಸಿ, ಡಿಕ್ಕಿಯಲ್ಲಿ ಅದರ ಜಾಗದಲ್ಲಿ ಇಟ್ಟುಕೊಂಡು ಬಾ.

ತೂಲಿಕ್ಕಿ